ಒಂಬತ್ತು ಗೆರೆಗಳು

ಕಿವಿಯ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವುದು ನನಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ನಮ್ಮೂರಿನ ಹಾಲಿನ ಡೈರಿಯಲ್ಲಿ ನಾನು ಟೆಸ್ಟರ್. ಈಗ ಹಾಲಿನ ಗುಣವನ್ನೆಲ್ಲ ಮಿಷಿನ್ನೇ ನೋಡಿ ಚೀಟಿ ಅಚ್ಚು ಹಾಕುತ್ತದೆ, ಪೆನ್ಸಿಲ್ಲಿಗೆ ಅಲ್ಲಿ ಕೆಲಸವಿಲ್ಲ. ಆದರೂ ಬೆಳಿಗ್ಗೆ ಅಂಗಿ ತೊಟ್ಟ ಮೇಲೆ ಕೈ ತಾನಾಗಿ ಗೂಡಿನ ಕಡೆಗೆ ಹೋಗುತ್ತದೆ. ಇವತ್ತು ಬಗ್ಗಿದಾಗ ಅದು ಜಾರಿ ಸ್ಯಾಂಪಲ್ ಲೋಟದೊಳಗೆ ಬಿತ್ತು. ಸಾಲಿನಲ್ಲಿದ್ದ ಹೆಂಗಸರು ನಕ್ಕರು. “ಅದಕ್ಕೆಷ್ಟು ಡಿಗ್ರಿ ಬಂತು ನೋಡಣ್ಣ” ಎಂದಳು ಒಬ್ಬಳು. ನಾನೂ ನಕ್ಕೆ. ಪೆನ್ಸಿಲ್ ತೆಗೆದು ಒರೆಸಿ ಮತ್ತೆ ಕಿವಿಗೆ ಇಟ್ಟುಕೊಳ್ಳಲು ಹೋದವನು ಯಾಕೋ ಜೇಬಿಗೆ ಹಾಕಿಕೊಂಡೆ. ಹೋದ ವರ್ಷ ಅವರೆಕಾಯಿ ಕಾಲದ ಒಂದು ಭಾನುವಾರ ನಮ್ಮಕ್ಕ ಇದೇ ಪೆನ್ಸಿಲ್ಲನ್ನು ನನ್ನ ಕಿವಿಯಿಂದ ಕಿತ್ತುಕೊಂಡಿದ್ದಳು.

ಅದು ಏನೂ ವಿಶೇಷವಿಲ್ಲದ ದಿನ. ಅಂಥ ದಿನಗಳಲ್ಲಿ ಕೊನೆಯದು ಎಂದು ಈಗ ಗೊತ್ತು. ಅಕ್ಕ ಬೆಂಗಳೂರಿನಿಂದ ಬಂದು ಹೊಸಕೋಟೆಯಲ್ಲಿ ಬಸ್ಸು ಬದಲಿಸಿ ನಂದಗುಡಿಯಲ್ಲಿ ಇಳಿದಿದ್ದಳು, ನಾನು ಬೈಕಿನಲ್ಲಿ ಕರೆದುಕೊಂಡು ಬಂದಿದ್ದೆ. ಹಿತಕಿದ ಬೇಳೆ ಸಾರು ಮಾಡಬೇಕೆಂದು ನನ್ನ ಹೆಂಡತಿ ಭಾಗ್ಯ ಅವರೆಕಾಳು ನೆನೆಹಾಕಿದ್ದಳು. ನಾನೂ ಹಿತಕುತ್ತೇನೆ ಎಂದು ಅಕ್ಕ ಜಗಲಿಯ ಮೇಲೆ ಕೂತಳು. ನೆನೆದ ಕಾಳನ್ನು ಬೆರಳ ಮಧ್ಯೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳಬೇಕು. ಅಕ್ಕ ಒತ್ತಿದರೆ ಬೇಳೆ ಅಂಗಳಕ್ಕೆ ಹಾರುತ್ತಿತ್ತು. ಕೋಳಿಗಳು ಅವಳ ಮುಂದೆಯೇ ಬಂದು ನಿಂತವು.

“ಪ್ರಪಂಚ ಹೆಂಗೆ ಹುಟ್ತು ಅಂತ ಹೇಳೋರಿಗೆ ಒಂದು ಬೇಳೆ ಹಿತಕಕ್ಕೆ ಬರಲ್ವಲ್ಲಕ್ಕ” ಎಂದಳು ಭಾಗ್ಯ.

“ಪ್ರಪಂಚಾನೂ ಹಿಂಗೇ ಹಾರಿದ್ದು ಕಣೆ. ಯಾರೋ ಬರದೇ ಇರೋರು ಹಿತಕಿರ್ಬೇಕು.”

ಊಟದ ಕೊನೆಯಲ್ಲಿ, ಮೊಸರನ್ನ ಕಲಸಿಕೊಳ್ಳುವ ಹೊತ್ತಿಗೆ, ಅಕ್ಕ ಎಡಗೈ ಚಾಚಿ ನನ್ನ ಕಿವಿಯಿಂದ ಪೆನ್ಸಿಲ್ ಎಳೆದಳು. ಅದರ ಮೊನೆ ನೋಡಿದಳು.

“ಇದೇ ಪೆನ್ಸಿಲ್ಲೇನೋ?”

“ಯಾವುದು?”

“ನನ್ನ ಪುಸ್ತಕಕ್ಕೆ ಗೆರೆ ಹಾಕಿದ್ದು.”

“ಇದೇ ಇರ್ಬೇಕು.”

“ಪೂರ್ತಿ ಓದಿದ್ಯಾ?”

“ಓದ್ದೆ ಕಣಕ್ಕ. ಇನ್ನೆಷ್ಟು ಸಲ ಕೇಳ್ತೀಯ?”

“ಆ ಮೊಸರಿನ ಭಾಗ ಕಷ್ಟ ಆಯ್ತಾ?”

“ಹೂಂ. ಅದೇ ಸ್ವಲ್ಪ ತಲೆಗೆ ಹತ್ತಲಿಲ್ಲ.”

ಅಕ್ಕ ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ನಕ್ಕಳು. ಪೆನ್ಸಿಲ್ಲನ್ನು ತಾನೇ ನನ್ನ ಕಿವಿಗೆ ವಾಪಸ್ಸು ಸಿಕ್ಕಿಸಿದಳು. “ಸರಿ ಬಿಡು. ಭಾಗ್ಯಾ, ಇನ್ನೊಂದು ಸೌಟು ಮೊಸರು ಹಾಕು” ಎಂದಳು. ನಾಲ್ಕು ಗಂಟೆಯ ಬಸ್ಸಿಗೆ ಅವರೆಕಾಯಿ ಚೀಲ ಹಿಡಿದುಕೊಂಡು ಹತ್ತಿದಳು. ಕಿಟಕಿಯಿಂದ “ಹೋಗ್ಬರ್ತೀನಿ ಕಣೋ” ಎಂದದ್ದು ಬಸ್ಸಿನ ಸದ್ದಿನಲ್ಲಿ ಅರ್ಧ ಕೇಳಿಸಿತು. ಬುಧವಾರ ಮಧ್ಯಾಹ್ನ ತನ್ನ ಕೋಣೆಯಲ್ಲಿ ಕರಿಹಲಗೆಯ ಮುಂದೆ ಬರೆಯುತ್ತಾ ನಿಂತಿದ್ದವಳು ಹಾಗೇ ಕುಸಿದಳಂತೆ. ತಲೆಯೊಳಗೆ ರಕ್ತನಾಳ ಒಡೆದಿತ್ತು. ನಾನು ಬೆಂಗಳೂರು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳ ಬಲಗೈ ಬೆರಳುಗಳಲ್ಲಿ ಸೀಮೆಸುಣ್ಣದ ಪುಡಿ ಇತ್ತು.

ನಮ್ಮಕ್ಕ ಭೌತವಿಜ್ಞಾನಿ. ಈ ವಾಕ್ಯವನ್ನು ಇಷ್ಟು ನೇರವಾಗಿ ನಾನು ಬರೆಯುತ್ತಿರುವುದು ಇದೇ ಮೊದಲು ಎಂದರೆ ನೀವು ನಗಬಹುದು. ಅವಳು ಬದುಕಿದ್ದಾಗ ಯಾರಾದರೂ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಿದ್ದೆ. ಬೀಗರಿಗೆ ಕಾಲೇಜು ಲೆಕ್ಚರರ್ ಎಂದೆ. ಡೈರಿಯ ಅಧ್ಯಕ್ಷರಿಗೆ ರಾಕೆಟ್ ಆಫೀಸು ಎಂದೆ. ಅವರು ಪ್ರತಿ ಸಲ ರಾಕೆಟ್ ಹಾರಿದಾಗಲೂ ನನಗೆ ಶುಭಾಶಯ ಹೇಳುತ್ತಿದ್ದರು, ನಾನು ಕೈ ಮುಗಿಯುತ್ತಿದ್ದೆ. ಒಂದು ರಾಕೆಟ್ ಕೆಟ್ಟಾಗ ಅವರು ಪಾಪ ನನಗೆ ಸಮಾಧಾನವನ್ನೂ ಹೇಳಿದರು.

ನಾವಿಬ್ಬರೂ ಊರಿನ ಒಂದೇ ಸರ್ಕಾರಿ ಶಾಲೆಯಲ್ಲಿ ಓದಿದವರು. ಅವಳು ಹೊಸಕೋಟೆಯ ಕಾಲೇಜಿಗೆ ಹೋಗಿ ಅಲ್ಲಿಂದ ಬೆಂಗಳೂರಿಗೆ ಹೋದಳು. ನಾನೂ ಹೊಸಕೋಟೆಗೆ ಹೋಗಿ ಪಿಯುಸಿ ಗಣಿತದಲ್ಲಿ ಎರಡು ಸಲ ಫೇಲಾಗಿ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ನಟ್ಟು ಬೋಲ್ಟು ತುಂಬಿಸಿ ಊರಿಗೆ ವಾಪಸ್ಸು ಬಂದೆ. ಅವಳ ಓದು ಮುಗಿಯುವ ಹಾಗೇ ಕಾಣಲಿಲ್ಲ. ಡಾಕ್ಟರೇಟ್ ಆದ ಮೇಲೆ ಒಂದು ದೇಶದಲ್ಲಿ ಎರಡು ವರ್ಷ, ಇನ್ನೊಂದು ದೇಶದಲ್ಲಿ ಎರಡು ವರ್ಷ. ಖಾಯಂ ಕೆಲಸ ಸಿಗುವ ತನಕ ಆ ಶಾಸ್ತ್ರದವರೆಲ್ಲ ಹೀಗೆ ಸುತ್ತಬೇಕಂತೆ. ಪ್ರತಿ ಎರಡು ವರ್ಷಕ್ಕೊಮ್ಮೆ ಹೊಸ ಊರಿನಿಂದ ಫೋನ್ ಮಾಡಿ, “ಇಲ್ಲೂ ಮೊಸರು ಸರಿ ಇಲ್ಲಮ್ಮ” ಎನ್ನುತ್ತಿದ್ದಳು. ಕೊನೆಗೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನೆಲೆಯಾಯಿತು. ಅಷ್ಟು ಹೊತ್ತಿಗೆ ಅವಳ ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿತ್ತು. ಅವಳಿಗೆ ಸಾಲು ಸಾಲು ಡಿಗ್ರಿ. ಹಾಲಿನ ಮೇಲೆ ಲ್ಯಾಕ್ಟೋಮೀಟರ್ ಬಿಟ್ಟು ನೋಡುವ ಅಳತೆಗೂ ನಮ್ಮ ಕಡೆ ಡಿಗ್ರಿ ಎಂದೇ ಹೆಸರು. ಮನೆಯಲ್ಲಿ ಇಬ್ಬರಿಗೂ ಡಿಗ್ರಿಯದೇ ಕೆಲಸ, ಅವಳು ತಗೊಳ್ಳುತ್ತಾಳೆ, ನಾನು ಕೊಡುತ್ತೇನೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ತಮಾಷೆ ಮಾಡಿದರೆ ಹೊಟ್ಟೆಯೊಳಗಿನ ಉರಿ ಸ್ವಲ್ಪ ತಣ್ಣಗಾಗುತ್ತಿತ್ತು.

ಅಮ್ಮ ಇದ್ದಾಗ ಒಂದು ಸಲ ಅವಳ ಕೋಣೆ ನೋಡಲು ಹೋಗಿದ್ದೆವು. ಒಂದು ಮೇಜು, ಒಂದು ಕರಿಹಲಗೆ, ಕಿಟಕಿಯಾಚೆ ಒಂದು ಹೊಂಗೆ ಮರ. ಅಮ್ಮ ಬಾಗಿಲ ಹಿಂದೆಲ್ಲ ಇಣುಕಿ ನೋಡಿದಳು.

“ಮಿಷಿನ್ನು ಎಲ್ಲಿ ಮಗಾ?”

“ಮಿಷಿನ್ ಇಲ್ಲಮ್ಮ.”

“ಮತ್ತೆ ಏನ್ ಮಾಡ್ತೀಯ ಇಲ್ಲಿ ಕೂತ್ಕೊಂಡು?”

“ಯೋಚನೆ ಮಾಡ್ತೀನಿ.”

“ಅಯ್ಯೋ ಶಿವನೇ! ಅದಕ್ಕೆ ಸಂಬಳ ಬೇರೆ ಕೊಡ್ತಾರಾ?” ಎಂದ ಅಮ್ಮ, ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, “ಊರಲ್ಲಿ ಯಾರಿಗೂ ಹೇಳ್ಬೇಡ ಕಣೋ, ಕೆಲಸದಿಂದ ತೆಗೆದುಬಿಟ್ಟಾರು” ಎಂದಳು.

ನಾನು ಹೇಳಿದ ಒಂದೇ ಒಂದು ನಿಜದಿಂದಲೂ ಎಡವಟ್ಟಾಯಿತು. ಪಿಳ್ಳಪ್ಪಣ್ಣ ಅಂತ ನಮ್ಮ ಓಣಿಯ ಕೊನೆಯ ಮನೆಯವರು, ಎರಡು ಸೀಮೆಹಸು ಕಟ್ಟಿದ್ದಾರೆ. ನಿಮ್ಮಕ್ಕ ಏನು ಮಾಡುತ್ತಾಳೆ ಎಂದು ಅವರು ಬಿಡದೆ ಕೇಳಿದಾಗ, “ಎಲ್ಲದರ ಮೂಲ ಹುಡುಕ್ತಾಳೆ” ಎಂದುಬಿಟ್ಟೆ. ನಮ್ಮ ಹೋಬಳಿಯಲ್ಲಿ ಈಗ ಮೂಲ ಎಂದರೆ ಒಂದೇ ಅರ್ಥ. ಯಾವ ಯೋಜನೆಗೆ ಯಾರ ಜಮೀನು ಹೋಗುತ್ತದೋ ಎಂದು ಎಲ್ಲರೂ ಪಹಣಿ ಹಿಡಿದುಕೊಂಡು ಮೂಲ ದಾಖಲೆ ಹುಡುಕುತ್ತಿರುವ ಕಾಲ. ಮುಂದಿನ ಭಾನುವಾರ ಪಿಳ್ಳಪ್ಪಣ್ಣ ಒಂದು ಪ್ಲಾಸ್ಟಿಕ್ ಕವರಿನ ತುಂಬ ಕಾಗದ ತಂದು ಅಕ್ಕನ ಮುಂದೆ ಸುರಿದರು. “ನೀನು ಮೂಲ ತೆಗೀತೀಯಂತಲ್ಲವ್ವ. ನಮ್ಮ ತಾತನಿಗೆ ಈ ಹೊಲ ಹೆಂಗ್ ಬಂತು ಅಂತ ಒಂದು ನೋಡು.”

ನನಗೆ ನಾಚಿಕೆಯಾಗಿ ಒಳಗೆ ಹೋದೆ. ಅಕ್ಕ ಮಾತ್ರ ಚಾಪೆ ಹಾಸಿ ಕೂತು ಕಾಗದಗಳನ್ನು ಒಂದೊಂದಾಗಿ ಹೊಸದರಿಂದ ಹಳೆಯದಕ್ಕೆ ಜೋಡಿಸಿದಳು. ಮಧ್ಯಾಹ್ನದ ತನಕ ಅದೇ ಕೆಲಸ. ಕೊನೆಗೆ, “ನನ್ನ ಕೆಲಸಾನೂ ಇದೇ ಪಿಳ್ಳಪ್ಪಣ್ಣ. ಇವತ್ತಿಂದ ಶುರು ಮಾಡಿ ಹಿಂದಕ್ಕೆ ಹೋಗ್ತಾ ಹೋಗ್ತಾ ಒಂದು ಕಡೆ ಕಾಗದ ಹರಿದು ಹೋಗಿರುತ್ತೆ. ಅಲ್ಲಿಂದ ಆಚೆಗೆ ಊಹೆ. ನಿಮ್ಮದು ನಿಮ್ಮ ತಾತನ ಹತ್ರ ಹರಿದಿದೆ” ಎಂದಳು.

“ನಿಂದು ಎಲ್ಲಿ ಹರಿದೈತೆ?”

“ನಂದು ಇನ್ನೂ ಸ್ವಲ್ಪ ಹಿಂದೆ.”

“ಹಂಗಾದ್ರೆ ನಮ್ಮದೇ ವಾಸಿ” ಎಂದು ಪಿಳ್ಳಪ್ಪಣ್ಣ ಸಮಾಧಾನವಾಗಿ ಕವರು ಕಟ್ಟಿಕೊಂಡು ಹೋದರು.

ಅವಳು ಹುಡುಕುತ್ತಿದ್ದದ್ದು ಏನೆಂದು ನನಗೆ ಸ್ವಲ್ಪ ತಿಳಿದದ್ದು ಅವಳು ಸೋತ ದಿನ. ಹನ್ನೊಂದು ವರ್ಷದಿಂದ ಒಂದೇ ವಿಚಾರದ ಹಿಂದೆ ಬಿದ್ದಿದ್ದಳು. ಪ್ರಪಂಚ ಶುರುವಾದಾಗ ತೀರ ಬಿಸಿ ಇತ್ತಂತೆ. ಆರುತ್ತಾ ಬಂದಾಗ ಒಂದು ಹಂತದಲ್ಲಿ ಅದರ ಸ್ವಭಾವವೇ ಬೇರೆಯಾಯಿತಂತೆ. ಎಲ್ಲ ಕಡೆ ಒಟ್ಟಿಗೆ ಆಗಲಿಲ್ಲ, ಅಲ್ಲಲ್ಲಿ ಗುಳ್ಳೆಗಳ ಹಾಗೆ ಶುರುವಾಗಿ, ಗುಳ್ಳೆಗಳು ಬೆಳೆದು ಒಂದಕ್ಕೊಂದು ಬಡಿದವು ಎಂಬುದು ಅಕ್ಕನ ಲೆಕ್ಕಾಚಾರ. ಆ ಬಡಿತದ ನಡುಕ ಇವತ್ತಿಗೂ ಇಂತಿಷ್ಟು ಜೋರಾಗಿ ಉಳಿದಿರಬೇಕು ಎಂದು ಅವಳು ಬರೆದಿದ್ದಳು. ಬೇರೆ ದೇಶಗಳಲ್ಲಿ ಅದನ್ನು ಕೇಳಿಸಿಕೊಳ್ಳಲು ಉಪಕರಣ ಇಟ್ಟುಕೊಂಡು ಕೂತವರಿದ್ದರು. ಅವರು ಕೇಳಿದರು. ಅಷ್ಟು ಜೋರಿನ ನಡುಕ ಇರಲಿಲ್ಲ.

ಅವತ್ತು ಅಕ್ಕ ಮೈಸೂರ್ ಪಾಕಿನ ಡಬ್ಬಿ ತಂದಿದ್ದಳು. ಯಾವುದೋ ಪ್ರಶಸ್ತಿ ಬಂದಿರಬೇಕೆಂದು ನಾವು ತಿಂದೆವು.

“ಏನಕ್ಕ ವಿಶೇಷ?”

“ನಾನು ಹೇಳಿದ್ದು ತಪ್ಪು ಅಂತ ಗೊತ್ತಾಯ್ತು ಕಣೋ.”

“ತಪ್ಪಾಗಿದ್ದಕ್ಕೆ ಸ್ವೀಟಾ?”

“ಗೊತ್ತಾಗಿದ್ದಕ್ಕೆ. ಅವರು ನಿಜವಾದ ರೀಡಿಂಗ್ ಕೊಟ್ರು. ಅವರೇನಾದ್ರೂ ನನ್ನ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ಸುಳ್ಳು ರೀಡಿಂಗ್ ಕೊಟ್ಟಿದ್ರೆ ಇನ್ನೂ ಹನ್ನೊಂದು ವರ್ಷ ಹೋಗ್ತಿತ್ತಲ್ಲ.”

ಹಾಗೆ ಹೇಳಿದವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಭಾಗ್ಯ ಟವೆಲ್ ಹಿಡಿದುಕೊಂಡು ಹೋಗಿ, ಕೊಡದೆ ವಾಪಸ್ಸು ಬಂದಳು.

ಸಂಜೆ ಅಕ್ಕ ನನ್ನ ಜೊತೆ ಡೈರಿಗೆ ಬಂದಳು. ಹಾಲು ಹಾಕುವವರೆಲ್ಲ ಹೋದ ಮೇಲೆ, “ಮೊಸರು ಹೆಂಗೆ ಹೆಪ್ಪಾಗುತ್ತೆ ಹೇಳು. ಪಾತ್ರೆ ಪೂರ್ತಿ ಒಟ್ಟಿಗೆ ಆಗುತ್ತಾ, ಒಂದು ಕಡೆಯಿಂದ ಶುರುವಾಗುತ್ತಾ?” ಎಂದು ಕೇಳಿದಳು. ನನ್ನ ಜೀವನದಲ್ಲಿ ಅವಳು ನನ್ನನ್ನು ಕೇಳಿದ, ನನಗೆ ಉತ್ತರ ಗೊತ್ತಿದ್ದ ಮೊದಲ ಪ್ರಶ್ನೆ ಅದು. ನಾನು ಉಬ್ಬಿಹೋದೆ.

“ಹಾಲು ತೀರ ಬಿಸಿ ಇದ್ರೆ ಹೆಪ್ಪು ಸತ್ತೋಗುತ್ತೆ. ತಣ್ಣಗಿದ್ರೆ ಏಳಲ್ಲ. ಉಗುರು ಬೆಚ್ಚಗಿರ್ಬೇಕು. ಸರಿಯಾಗಿ ಕದಡದೇ ಇದ್ರೆ ಹೆಪ್ಪು ಬಿದ್ದ ಕಡೆ ಮೊದ್ಲು ಗಟ್ಟಿಯಾಗುತ್ತೆ. ಆಮೇಲೆ ಪಾತ್ರೆ ಅಲುಗಾಡಿಸ್ಬಾರ್ದು. ಅಲುಗಾಡಿಸಿದ್ರೆ ಬಿರುಕು ಬಿಟ್ಟು ನೀರು ಒಡೆಯುತ್ತೆ. ಬೆಳಿಗ್ಗೆ ಮೊಸರಿನ ಬಿರುಕು ನೋಡಿದ್ರೆ ಸಾಕು, ಪಾತ್ರೆ ಅಲುಗಾಡಿತ್ತೋ ಇಲ್ವೋ ನಾನು ಹೇಳ್ತೀನಿ.”

ಅಕ್ಕ ನನ್ನ ಪೆನ್ಸಿಲ್ ಇಸಿದುಕೊಂಡು ಅಲ್ಲಿದ್ದ ಒಂದು ಹಾಳೆಯ ಹಿಂದೆ ಅದನ್ನು ಬರೆದುಕೊಂಡಳು. “ಇಷ್ಟು ಚೆನ್ನಾಗಿ ಹೇಳೋರು ನಮ್ಮಲ್ಲಿ ಯಾರೂ ಇಲ್ಲ ಕಣೋ” ಎಂದಳು.

ಆಮೇಲೆಯೇ ಅವಳು ಆ ಪುಸ್ತಕ ಶುರುಮಾಡಿದ್ದು. ಕನ್ನಡದಲ್ಲಿ, ನಮ್ಮಂಥವರಿಗೆ ತಿಳಿಯುವ ಹಾಗೆ, ಪ್ರಪಂಚದ ಮೊದಲ ಗಳಿಗೆಯ ಕಥೆ. ಉದ್ದ ನೋಟುಬುಕ್ಕಿನಲ್ಲಿ ಕೈಬರಹದಲ್ಲೇ ಬರೆದಳು, ನೂರ ನಲವತ್ತು ಪುಟ. ಯುಗಾದಿಗೆ ಬಂದವಳು ಅದನ್ನು ನನ್ನ ಕೈಯಲ್ಲಿಟ್ಟಳು.

“ಓದ್ತಾ ಹೋಗು. ಎಲ್ಲಿ ಅರ್ಥ ಆಗಲ್ವೋ ಅಲ್ಲಿ ಗೆರೆ ಹಾಕು. ಅಷ್ಟೇ ನಿನ್ನ ಕೆಲಸ.”

“ನಮ್ಮ ಹೈಸ್ಕೂಲ್ ಮೇಷ್ಟ್ರಿಗೆ ಕೊಡಕ್ಕ.”

“ಅವರು ನನಗೆ ಬೇಜಾರಾಗುತ್ತೆ ಅಂತ ಎಲ್ಲಾ ಚೆನ್ನಾಗಿದೆ ಅಂತಾರೆ. ನೀನು ಟೆಸ್ಟರ್ ಕಣೋ. ಇರೋ ಡಿಗ್ರಿ ಬರೀತೀಯ.”

ಅದು ನಿಜ ಎಂದು ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಸ್ವಂತ ಮಾವನ ಹಾಲಿನಲ್ಲಿ ನೀರಿದ್ದಾಗ ಇದೆ ಎಂದು ಬರೆದವನು ನಾನು. ಎರಡು ಯುಗಾದಿ ಅವರು ನಮ್ಮ ಮನೆಗೆ ಬರಲಿಲ್ಲ. ಪಕ್ಕದ ಊರಿನ ಟೆಸ್ಟರೊಬ್ಬ ಹಾಲನ್ನು ಮುಟ್ಟದೆ, ನಿನ್ನೆಯ ರೀಡಿಂಗನ್ನೇ ಇವತ್ತಿಗೂ ಬರೆಯುತ್ತಿದ್ದಾನೆಂದು ತಿಳಿದಾಗ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದವನೂ ನಾನೇ. ನೀರು ಬೆರೆಸಿದವನನ್ನು ಕ್ಷಮಿಸಬಹುದು, ನೋಡದೆ ಬರೆದವನನ್ನು ಕ್ಷಮಿಸಬಾರದು ಎಂದು ಅವತ್ತು ಭಾಷಣ ಮಾಡಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ನೋಟುಬುಕ್ಕನ್ನು ಡೈರಿಯ ಮೇಜಿನ ಡ್ರಾಯರಿನಲ್ಲಿಟ್ಟೆ. ಮೊದಲ ಪುಟದ ನಾಲ್ಕು ಸಾಲು ಓದಿದೆ. ನಾಲ್ಕನೆಯದು ಅರ್ಥವಾಗಲಿಲ್ಲ. ಗೆರೆ ಹಾಕಲು ಪೆನ್ಸಿಲ್ ತೆಗೆದವನಿಗೆ ಕಣ್ಣ ಮುಂದೆ ಬಂದದ್ದು ನನ್ನ ಹಳೆಯ ಪಿಯುಸಿ ಗಣಿತದ ಪೇಪರು. ಅದರ ಮೇಲೂ ಹೀಗೇ ಗೆರೆಗಳಿದ್ದವು, ಕೆಂಪು ಬಣ್ಣದವು. ಪ್ರಾಮಾಣಿಕವಾಗಿ ಹಾಕುತ್ತಾ ಹೋದರೆ ಪುಸ್ತಕದ ತುಂಬ ಗೆರೆಯಾಗುತ್ತದೆ, ತಮ್ಮ ಎಂಥ ದಡ್ಡ ಎಂದು ಅಕ್ಕನಿಗೆ ಗೊತ್ತಾಗುತ್ತದೆ ಅನ್ನಿಸಿತು. ಗೊತ್ತಾಗಲು ಬಾಕಿ ಇತ್ತೇನೋ ಎಂಬಂತೆ! ಡ್ರಾಯರು ಮುಚ್ಚಿದೆ. ಒಂದು ತಿಂಗಳು ತೆಗೆಯಲಿಲ್ಲ. “ಓದ್ರೀ, ಪಾಪ ಅಷ್ಟು ಆಸೆಯಿಂದ ಕೊಟ್ಟವ್ರೆ” ಎಂದು ಭಾಗ್ಯ ಹೇಳಿದಾಗಲೆಲ್ಲ ಓದುತ್ತಿದ್ದೇನೆ ಎಂದೆ.

ಅಕ್ಕ ಬಂದು ಕೇಳುವ ಹಿಂದಿನ ದಿನ ಸಂಜೆಯ ಹಾಲಿಗೆ ಇನ್ನೂ ಕಾಲು ಗಂಟೆ ಇರುವಾಗ ನೋಟುಬುಕ್ಕು ತೆಗೆದೆ. ಗೆರೆಯೇ ಇಲ್ಲದಿದ್ದರೆ ಓದಿಲ್ಲ ಎಂದು ಗೊತ್ತಾಗುತ್ತದೆ, ಜಾಸ್ತಿ ಇದ್ದರೆ ದಡ್ಡ ಎಂದು ಗೊತ್ತಾಗುತ್ತದೆ. ಒಂಬತ್ತು ಸಾಕೆನ್ನಿಸಿತು. ಹದಿನೈದಿಪ್ಪತ್ತು ಪುಟಕ್ಕೊಂದು. ಬಲಗಡೆ ಪುಟದ ಕೊನೆಯ ಸಾಲು ಅನುಕೂಲ, ಮೊಣಕೈ ಊರಿಕೊಂಡು ನೇರವಾಗಿ ಎಳೆಯಬಹುದು. ಎಳೆದೆ. ಯಾವ ಸಾಲನ್ನೂ ಓದಲಿಲ್ಲ. ಹೊರಗೆ ಕ್ಯಾನುಗಳ ಸದ್ದು ಕೇಳಿಸುವಷ್ಟರಲ್ಲಿ ಮುಗಿದಿತ್ತು. ಮರುದಿನ ಅಕ್ಕ ಪುಟ ತಿರುಗಿಸಿ, “ಒಂಬತ್ತೇನಾ! ಅಷ್ಟು ಚೆನ್ನಾಗಿ ಬರೆದಿದೀನಾ?” ಎಂದು ಹುಡುಗಿಯ ಹಾಗೆ ಕೆನ್ನೆ ಕೆಂಪಗೆ ಮಾಡಿಕೊಂಡಳು. ಆ ಮುಖ ನನಗೆ ಮರೆಯುವುದಿಲ್ಲ.

ಅಕ್ಕ ತೀರಿಕೊಂಡು ಎರಡು ತಿಂಗಳಾದ ಮೇಲೆ ನಿವೇದಿತ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಅಕ್ಕನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು. ಅಕ್ಕನ ಶಾಲು, ಲೋಟ, ಚಪ್ಪಲಿ, ಮತ್ತೆ ಆ ನೋಟುಬುಕ್ಕು ತಂದಿದ್ದಳು.

“ಅಂಕಲ್, ಮೇಡಂ ನಿಮ್ಮ ಬಗ್ಗೆ ತುಂಬಾ ಹೇಳ್ತಿದ್ರು. ‘ನನ್ನ ಟೆಸ್ಟರ್’ ಅಂತಿದ್ರು. ಸೆಮಿನಾರಲ್ಲೂ ಅಷ್ಟೇ, ಯಾರಾದ್ರೂ ಸುತ್ತಿ ಬಳಸಿ ಮಾತಾಡಿದ್ರೆ ‘ನನ್ನ ಟೆಸ್ಟರ್ ಇದಕ್ಕೆ ಗೆರೆ ಹಾಕ್ತಾನೆ’ ಅನ್ನೋರು.”

ಭಾಗ್ಯ ಅವಳಿಗೆ ಕಾಫಿ ತರಲು ಒಳಗೆ ಹೋದಳು. ನಾನು ನೋಟುಬುಕ್ಕು ಬಿಡಿಸಿದೆ. ಅದು ಮೊದಲಿಗಿಂತ ದಪ್ಪಗಾಗಿತ್ತು. ನಾನು ಗೆರೆ ಹಾಕಿದ ಪುಟಗಳಿಗೆಲ್ಲ ಅಕ್ಕ ಬೇರೆ ಹಾಳೆಗಳನ್ನು ಪಿನ್ನು ಹಾಕಿದ್ದಳು. ಮೊದಲನೆಯ ಗೆರೆಯ ಪಕ್ಕ, “ತಮ್ಮನಿಗೆ ತಿಳಿಯಲಿಲ್ಲ. ಮತ್ತೆ ಬರೆಯಬೇಕು” ಎಂದಿತ್ತು. ಅದೇ ವಾಕ್ಯವನ್ನು ನಾಲ್ಕು ರೀತಿ ಬರೆದಿದ್ದಳು. ಎರಡನೆಯದನ್ನು ಆರು ರೀತಿ. ಪಾಪ, ಒಂದು ಕಡೆ ಹೋಲಿಕೆಗೆ ಎತ್ತಿನ ಗಾಡಿ ತಂದಿದ್ದಳು, ಹೊಡೆದುಹಾಕಿ ರಾಗಿ ಬೀಸುವ ಕಲ್ಲು ತಂದಿದ್ದಳು. “ಇದರಲ್ಲಿ ಅವನಿಗೆ ಏನು ಕಷ್ಟ?” ಎಂದು ಒಂದು ಕಡೆ. “ತಪ್ಪು ನನ್ನದೇ ಇರಬೇಕು” ಎಂದು ಇನ್ನೊಂದು ಕಡೆ. ಎಂಟು ಗೆರೆಗಳಿಗೆ ಎಂಟು ತಿಂಗಳು. ಅವಳಿಗೆ ಉಳಿದಿದ್ದದ್ದೇ ಅಷ್ಟು ತಿಂಗಳು, ಅದರ ಭಾನುವಾರಗಳನ್ನೆಲ್ಲ ನಾನು ಕಾಲು ಗಂಟೆಯಲ್ಲಿ ಹಾಕಿದ ಗೆರೆಗಳು ತಿಂದಿದ್ದವು.

ಒಂಬತ್ತನೆಯ ಗೆರೆ ಕೊನೆಯ ಅಧ್ಯಾಯದಲ್ಲಿತ್ತು. ಅದರ ಮೇಲಿದ್ದ ವಾಕ್ಯ ಇದು: “ಬೆಳಿಗ್ಗೆ ಮೊಸರಿನ ಬಿರುಕು ನೋಡಿದರೆ ಸಾಕು, ಪಾತ್ರೆ ಅಲುಗಾಡಿತ್ತೋ ಇಲ್ಲವೋ ಹೇಳಬಹುದು.”

ಅಲ್ಲಿ ಪಿನ್ನು ಹಾಕಿದ ಹಾಳೆ ಇರಲಿಲ್ಲ. ಅಂಚಿನಲ್ಲಿ ಸಣ್ಣಕ್ಷರದಲ್ಲಿ, “ಇದು ಅವನದೇ ಮಾತು” ಎಂದಷ್ಟೇ ಇತ್ತು. ಗೆರೆಯನ್ನು ರಬ್ಬರಿನಿಂದ ಅಳಿಸಿದ್ದಳು. ನಾನು ಒತ್ತಿ ಎಳೆದಿದ್ದೆ, ಕಾಗದದಲ್ಲಿ ಅದರ ತಗ್ಗು ಉಳಿದಿತ್ತು. ಬೆರಳಾಡಿಸಿದರೆ ಈಗಲೂ ಸಿಗುತ್ತದೆ.

ಆ ಭಾನುವಾರ ಅವಳು ಕೇಳಿದ್ದು ನನಗೆ ಆಗ ಅರ್ಥವಾಯಿತು. ಮೊಸರಿನ ಭಾಗ ಕಷ್ಟ ಆಯ್ತಾ ಎಂದು ಕೇಳಿ, ನಿಜ ಹೇಳಲು ಜಾಗ ಮಾಡಿಕೊಟ್ಟಿದ್ದಳು. ನಾನು ಅದೇ ತಲೆಗೆ ಹತ್ತಲಿಲ್ಲ ಎಂದಿದ್ದೆ. ಅವಳು ನಕ್ಕು ಪೆನ್ಸಿಲ್ಲನ್ನು ನನ್ನ ಕಿವಿಗೆ ಸಿಕ್ಕಿಸಿದ್ದಳು.

“ನಾವೆಲ್ಲ ಸೇರಿ ಇದನ್ನ ಪ್ರಿಂಟ್ ಮಾಡ್ಸೋಣ ಅಂತಿದೀವಿ ಅಂಕಲ್. ನೀವು ಗೆರೆ ಹಾಕಿದ ಕಡೆಯೆಲ್ಲ ಮೇಡಂ ಹೊಸದಾಗಿ ಬರೆದಿರೋದನ್ನೇ ಹಾಕ್ತೀವಿ” ಎಂದಳು ನಿವೇದಿತ.

ಸುಮ್ಮನಿದ್ದುಬಿಡಬಹುದಿತ್ತು. ಅವಳಿಗೆ ಗೊತ್ತಿರಲಿಲ್ಲ. ಇನ್ನು ಗೊತ್ತಿದ್ದವಳು ಇರಲಿಲ್ಲ. ಆದರೆ ಹಾಗೆ ಬಿಟ್ಟರೆ ಚೆನ್ನಾಗಿದ್ದ ಎಂಟು ವಾಕ್ಯಗಳು ಹೋಗಿ, ಏನು ಕಷ್ಟ ಎಂದು ತಿಳಿಯದೆ ತಡಕಾಡಿ ಬರೆದ ಎಂಟು ವಾಕ್ಯಗಳು ಅಕ್ಕನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು.

“ಆ ಗೆರೆಗಳು ಸುಳ್ಳಮ್ಮ” ಎಂದೆ. “ನಾನು ಓದಿರಲಿಲ್ಲ.”

ಹುಡುಗಿ ಕಾಫಿ ಲೋಟ ಕೆಳಗಿಟ್ಟಳು. ಬಾಗಿಲ ಹತ್ತಿರ ಭಾಗ್ಯ ನಿಂತಿದ್ದಳು. ಇಬ್ಬರೂ ಬೈಯಲಿಲ್ಲ.

“ಮೇಡಂಗೆ ಗೊತ್ತಾಗಿತ್ತಾ ಅಂಕಲ್?”

“ಗೊತ್ತಾಗಿತ್ತು.”

ಅವಳು ನೋಟುಬುಕ್ಕು ನೋಡುತ್ತಾ ಕೇಳಿದಳು: “ಈಗ ಓದ್ತೀರಾ?”

ಓದಿದೆ. ಬೆಳಿಗ್ಗೆಯ ಹಾಲಿಗೂ ಸಂಜೆಯ ಹಾಲಿಗೂ ನಡುವೆ, ಡೈರಿಯ ಬಾಗಿಲು ಅರ್ಧ ಎಳೆದುಕೊಂಡು, ತುಟಿ ಅಲ್ಲಾಡಿಸುತ್ತಾ ಓದಿದೆ. ಮೊದಲ ಪುಟದಲ್ಲೇ ಐದು ಗೆರೆ ಬಿದ್ದವು. ನಿವೇದಿತ ಫೋನಿನಲ್ಲಿ ಒಂದೊಂದಕ್ಕೂ ವಿವರಣೆ ಕೊಟ್ಟಳು, ನನಗೆ ತಿಳಿದ ಮೇಲೆ ತಿಳಿದ ಹಾಗೆ ತನ್ನ ಹತ್ತಿರದ ಜೆರಾಕ್ಸ್ ಪ್ರತಿಯ ಅಂಚಿನಲ್ಲಿ ಬರೆದಳು. ಎಂಟು ಕಡೆಯೂ ಅಕ್ಕ ಮೊದಲು ಬರೆದಿದ್ದನ್ನೇ ಉಳಿಸಿದೆವು. ಅವು ನನಗೆ ಒಂದೇ ಓದಿಗೆ ತಿಳಿದವು. ಮೊದಲೇ ಓದಿದ್ದರೆ ಅವಳಿಗೆ ಅಷ್ಟನ್ನು ಹೇಳಬಹುದಿತ್ತು. ಇಡೀ ಪುಸ್ತಕಕ್ಕೆ ನನ್ನ ನಿಜವಾದ ಗೆರೆಗಳು ನೂರ ಹದಿಮೂರು.

ಪಿಳ್ಳಪ್ಪಣ್ಣ ಒಂದು ದಿನ ಕಿಟಕಿಯಿಂದ ಇಣುಕಿ, “ಏನಪ್ಪಾ, ಈ ವಯಸ್ಸಲ್ಲಿ ಪರೀಕ್ಷೆ ಕಟ್ಟಿದೀಯಾ?” ಎಂದರು. ಕಟ್ಟಿದ್ದೇನೆ ಎಂದೆ.

ಈಗ ಎಲ್ಲ ಮುಗಿದಿದೆ, ಒಂದು ಜಾಗ ಬಿಟ್ಟು. ಕೊನೆಯಿಂದ ಎರಡನೆಯ ಪುಟದಲ್ಲಿ ಅಕ್ಕ ಒಂದು ಸ್ಥಿತಿಯನ್ನು ಹೇಳುತ್ತಾಳೆ. ಹೆಪ್ಪು ಬಿದ್ದಿದೆ, ಹಾಲು ಹಾಲಾಗಿ ಉಳಿದಿಲ್ಲ, ಮೊಸರೂ ಆಗಿಲ್ಲ, ಪಾತ್ರೆ ವಾಲಿಸಿದರೆ ಒಟ್ಟಿಗೆ ನಿಧಾನವಾಗಿ ಜರುಗುತ್ತದೆ. ಪ್ರಪಂಚವೂ ಒಂದು ಗಳಿಗೆ ಹಾಗಿತ್ತು ಎನ್ನುತ್ತಾಳೆ. ಆಮೇಲೆ, “ನಮ್ಮಮ್ಮ ಇದನ್ನು” ಎಂದು ಬರೆದು, ಒಂದು ಪದದಷ್ಟು ಜಾಗ ಖಾಲಿ ಬಿಟ್ಟು, “ಎನ್ನುತ್ತಿದ್ದಳು” ಎಂದು ಮುಗಿಸಿದ್ದಾಳೆ. ಪಕ್ಕದಲ್ಲಿ, “ತಮ್ಮನನ್ನು ಕೇಳಬೇಕು.”

ಕೇಳಿದ್ದಳು. ಒಂದು ಸಂಜೆ ಫೋನ್ ಮಾಡಿ, ನಾವು ಚಿಕ್ಕವರಿದ್ದಾಗ ಮೊಸರಿನ ಗಡಿಗೆಗೆ ಕೈ ಹಾಕಲು ಹೋದರೆ ಅಮ್ಮ ಏನೋ ಅನ್ನುತ್ತಿದ್ದಳಲ್ಲ, ಮುಟ್ಟಬೇಡ್ರೋ ಇನ್ನೂ ಏನೋ ಆಗಿದೆ ಅಂತ, ಆ ಮಾತು ಏನು ಎಂದಳು. ಸಾಲಿನಲ್ಲಿ ಜನ ಇದ್ದರು. ಆಮೇಲೆ ಹೇಳ್ತೀನಿ ಅಕ್ಕ ಎಂದು ಇಟ್ಟೆ. ಆಗ ನನಗೆ ಅದು ನಾಲಿಗೆಯ ತುದಿಯಲ್ಲೇ ಇತ್ತು ಎಂದು ನೆನಪು, ಅಥವಾ ಹಾಗೆಂದು ಈಗ ಅಂದುಕೊಳ್ಳುತ್ತಿದ್ದೇನೋ ಗೊತ್ತಿಲ್ಲ. ಭಾಗ್ಯ ಎಳೆಮೊಸರು ಎನ್ನುತ್ತಾಳೆ. ಪಿಳ್ಳಪ್ಪಣ್ಣ ಹಾಲ್ಮೊಸರು ಎನ್ನುತ್ತಾರೆ. ಇವತ್ತು ಪೆನ್ಸಿಲ್ ಬಿದ್ದಾಗ ನಕ್ಕ ಹೆಂಗಸರನ್ನೂ ಕೇಳಿದೆ. ತಲೆಗೊಂದು ಹೇಳಿದರು. ಯಾವುದೂ ಅಮ್ಮನ ಮಾತಲ್ಲ.

ಸಿಕ್ಕಿದ್ದನ್ನು ತುಂಬಿಸಿಬಿಡಿ ಅಂಕಲ್, ಯಾರಿಗೆ ಗೊತ್ತಾಗುತ್ತೆ ಎಂದು ನಿವೇದಿತ ನಿನ್ನೆ ಫೋನಿನಲ್ಲಿ ಹೇಳಿ, ಹೇಳಿದ ಮೇಲೆ ತಾನೇ ಬೇಡ ಬಿಡಿ ಎಂದಳು. ಜೇಬಿನಲ್ಲಿದ್ದ ಪೆನ್ಸಿಲ್ ತೆಗೆದು ನೋಟುಬುಕ್ಕಿನ ಆ ಪುಟದಲ್ಲೇ ಇಟ್ಟು ಮುಚ್ಚಿದ್ದೇನೆ. ಅಮ್ಮನ ಆ ಪದ ಇನ್ನೂ ಸಿಕ್ಕಿಲ್ಲ.